ಹಣ ಹೋಗೋ ಮೊದಲು ಹೆಸರು ಬರಲಿ

ನಾನು ಯುಪಿಐನಲ್ಲಿ ಯಾರಿಗಾದ್ರೂ ದುಡ್ಡು ಹಾಕೋವಾಗ ಅಮ್ಮ ಒಂದೇ ಮಾತು ಕೇಳ್ತಾರೆ: ‘ಹೆಸರು ಸರಿಯಾಗಿ ಬಂತೇನೋ?’ ಇವತ್ತಿನ ಸಂಚಿಕೆ ಆ ಪ್ರಶ್ನೆಯ ಬಗ್ಗೆನೇ.

2015ರಲ್ಲಿ ಇಂಟರ್‌ಲೆಡ್ಜರ್ ಅನ್ನೋ ಮುಕ್ತ ಪ್ರೋಟೊಕಾಲ್ ಬಂತು. ಇಂಟರ್‌ನೆಟ್‌ನಲ್ಲಿ ಡೇಟಾ ಪ್ಯಾಕೆಟ್‌ಗಳಾಗಿ ಹೋಗುವಂತೆ ಹಣವೂ ಒಂದು ಜಾಲದಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಲಿ ಅನ್ನೋದು ಅದರ ಆಶಯ. ಆದ್ರೆ ಬ್ಯಾಂಕಿಗೆ ಅಷ್ಟು ಸಾಲದು. ಹಣ ಯಾರಿಗೆ ಹೋಯ್ತು, ಶುಲ್ಕ ಎಷ್ಟು ಅಂತ ನಾಳೆ ಕೇಂದ್ರ ಬ್ಯಾಂಕ್ ಕೇಳಿದ್ರೆ ಉತ್ತರ ಕೊಡಬೇಕಾದದ್ದು ಪ್ರೋಟೊಕಾಲ್ ಅಲ್ಲ, ಬ್ಯಾಂಕು.

2017ರಲ್ಲಿ ಗೇಟ್ಸ್ ಫೌಂಡೇಶನ್ ಮೋಜಾಲೂಪ್ ಅನ್ನೋ ಮುಕ್ತ ತಂತ್ರಾಂಶ ಬಿಡುಗಡೆ ಮಾಡಿತು. ಅದು ಇಂಟರ್‌ಲೆಡ್ಜರ್‌ನ ಗೂಢಲಿಪಿ ಬೀಗವನ್ನು ಬಳಸಿಕೊಂಡು, ಅದಕ್ಕೂ ಮುಂಚೆ ಎರಡು ಹಂತ ಇಟ್ಟಿತು. ಮೊದಲು ಹಣ ಪಡೆಯುವವರು ಯಾರು ಅಂತ ಹುಡುಕಬೇಕು. ಆಮೇಲೆ ಎರಡೂ ಕಡೆಯ ಸಂಸ್ಥೆಗಳು ಮೊತ್ತ, ಶುಲ್ಕ ಒಪ್ಪಬೇಕು. ಕೊನೆಗಷ್ಟೇ ಹಣ ಸಾಗುತ್ತೆ.

ನಿಯಮ ಸೇರಿದ್ರೆ ಮುಕ್ತತೆ ಕೆಡುತ್ತೆ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಕಾಮರ್ಸ್‌ನಲ್ಲಿ ಕಲಿತ ಮೊದಲ ಪಾಠವೇ ಅದು: ಜಮಾ ಬರೆಯೋಕೆ ಎದುರಿಗೊಂದು ಖಾತೆ ಬೇಕು.

ನನ್ನ ಭಯ ಬೇರೆ. ಒಪ್ಪಿಗೆಯ ಹಂತ ಇದೆ ಅಂದ್ರೆ ‘ಆಗಲ್ಲ’ ಅನ್ನೋ ಅಧಿಕಾರವೂ ಇದೆ. ಮೋಜಾಲೂಪ್ ಹುಟ್ಟಿದ್ದೇ ಬ್ಯಾಂಕಿನಿಂದ ಹೊರಗುಳಿದ ಬಡವರಿಗಾಗಿ. ಕಾಗದಪತ್ರ ಇಲ್ಲ ಅಂತ ಅವರನ್ನೇ ತಿರಸ್ಕರಿಸಿದ್ರೆ? ಹಾಗಾಗಿ ಹಣ ಹೋಗೋ ಮೊದಲು ಹೆಸರು ಬರಲಿ, ಹಣ ತಡೆದ್ರೆ ಕಾರಣವೂ ಬರಲಿ. ಮುಂದಿನ ವಾರ ಸಿಗೋಣ.