ಪರೀಕ್ಷೆ ಮಗಳದ್ದು, ಸಿದ್ಧತೆ ಮನೆಯದ್ದು

(ನರ್ಸಿಂಗ್ ವಿದ್ಯಾರ್ಥಿನಿಯರು ಮತ್ತು ಪೋಷಕರಿಗಾಗಿ ಚನ್ನಗಿರಿಯಲ್ಲಿ ಮಾಡಿದ ಭಾಷಣದ ಪಠ್ಯ)



ಹೊನ್ನಾಳಿ, ನ್ಯಾಮತಿಗಳಿಂದ ಬಸ್ಸು ಹಿಡಿದು, ದೂರದ ಜಗಳೂರಿನಿಂದ ನಸುಕಿನಲ್ಲೇ ಹೊರಟು ತಾವು ಇಂದು ಇಲ್ಲಿಗೆ ಬಂದಿರುವಿರಿ. ಪರೀಕ್ಷೆಗೆ ಹೇಗೆ ಸಿದ್ಧವಾಗಬೇಕೆಂದು ತಿಳಿಯಲು ಬಂದವರು ವಿದ್ಯಾರ್ಥಿನಿಯರು. ಆದರೆ ಅವರನ್ನು ಕರೆತಂದ ತಂದೆ ತಾಯಂದಿರೊಂದಿಗೂ ನಾವು ಅಷ್ಟೇ ಮಾತಾಡಬೇಕಾಗಿದೆ. ಪ್ರಶ್ನೆಪತ್ರಿಕೆಯ ಮುಂದೆ ಕುಳಿತುಕೊಳ್ಳುವವಳು ಒಬ್ಬಳೇ ಆಗಿದ್ದರೂ ಅದಕ್ಕಾಗಿ ಸಿದ್ಧಗೊಳ್ಳಬೇಕಾದದ್ದು ಇಡೀ ಮನೆ.

ಇದು ಎಂಥ ಪರೀಕ್ಷೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಒಂದು ಹೊಸ ತರಬೇತಿಯನ್ನು ಆರಂಭಿಸಿದರು. ವೈದ್ಯರು ಸುಲಭವಾಗಿ ಸಿಗದ ಕಡೆಗಳಲ್ಲಿ ಅನುಭವಿ ದಾದಿಯರೇ ರೋಗಿಯನ್ನು ತಪಾಸಣೆ ಮಾಡಿ ಪ್ರಾಥಮಿಕ ಆರೈಕೆ ನೀಡುವಂತಾಗಬೇಕು ಎಂಬುದು ಅದರ ಉದ್ದೇಶ. ಅವರನ್ನು ನರ್ಸ್ ಪ್ರಾಕ್ಟೀಷನರ್ ಎಂದು ಕರೆಯಲಾಯಿತು. ಇಂದು ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ಬಳಿಕವೂ ಪ್ರಮಾಣೀಕರಣ ಪರೀಕ್ಷೆಯನ್ನು ದಾಟಬೇಕು. ವಯಸ್ಕರ ಪ್ರಾಥಮಿಕ ಆರೈಕೆಗಾಗಿರುವ ಅಂಥ ಒಂದು ಪರೀಕ್ಷೆಯಲ್ಲಿ 3 ಗಂಟೆ, 150 ಪ್ರಶ್ನೆಗಳು. ಆ ಪ್ರಶ್ನೆಗಳನ್ನೆಲ್ಲ ನಾಲ್ಕು ಹೆಜ್ಜೆಗಳಲ್ಲಿ ಅಡಗಿಸಬಹುದು: ಪರಿಶೀಲಿಸು, ರೋಗವನ್ನು ಗುರುತಿಸು, ಯೋಜಿಸು, ಫಲವನ್ನು ಅಳೆದು ನೋಡು.

ನಮ್ಮ ದೇಶದಲ್ಲಿ ಇದಕ್ಕೆ ಅತಿ ಹತ್ತಿರದ ಹುದ್ದೆ ಸಮುದಾಯ ಆರೋಗ್ಯ ಅಧಿಕಾರಿಯದ್ದು. 2018ರ ಕೇಂದ್ರ ಬಜೆಟ್ಟಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಘೋಷಣೆಯಾಯಿತು. ಉಪಕೇಂದ್ರಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಮೇಲ್ದರ್ಜೆಗೇರಿಸಿ 2022ರ ಕೊನೆಯೊಳಗೆ 1,50,000 ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನು ಮಾಡುವ ಗುರಿಯನ್ನು ಇಟ್ಟುಕೊಳ್ಳಲಾಯಿತು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಾಯಿತು. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೊಂದರಂತೆ ಇರುವ ಉಪಕೇಂದ್ರದಲ್ಲಿ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿದವರನ್ನು ಈ ಹುದ್ದೆಗೆ ಕೂರಿಸಲಾಯಿತು. ಇದಕ್ಕಾಗಿ ಇಗ್ನೊ ಮುಂತಾದ ವಿಶ್ವವಿದ್ಯಾಲಯಗಳ ಮೂಲಕ ಆರು ತಿಂಗಳ ಸರ್ಟಿಫಿಕೇಟ್ ಕಾರ್ಯಕ್ರಮ ನಡೆಯಿತು. ಅನಂತರ ಆ ಪಾಠಗಳನ್ನು ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲೇ ಸೇರಿಸಲಾಯಿತು.

ಈ ಪರೀಕ್ಷೆ ಏನನ್ನು ಕೇಳುತ್ತದೆ? ಹಲವರು ಇದನ್ನು ನೆನಪಿನ ಪರೀಕ್ಷೆ ಎಂದು ಭಾವಿಸಿದ್ದಾರೆ. ರೋಗದ ಹೆಸರು, ಲಕ್ಷಣ, ಮಾತ್ರೆ ಎಂದು ಕಂಠಪಾಠ ಮಾಡುತ್ತಾರೆ. ನಿಜವಾಗಿ ಒಳ್ಳೆಯ ಪ್ರಶ್ನೆ ಕೇಳುವುದು ಇಷ್ಟನ್ನೇ: ನಿನ್ನ ಮುಂದೆ ಒಬ್ಬ ಮನುಷ್ಯ ಕುಳಿತಿದ್ದಾನೆ, ಈಗ ನೀನು ಏನು ಮಾಡುವೆ?

ಒಂದು ಉದಾಹರಣೆ ನೋಡೋಣ. 52 ವರ್ಷದ ಒಬ್ಬ ಲಾರಿ ಚಾಲಕ. ಬಿಸಿಲಿನಲ್ಲಿ ನಡೆದು ಬಂದು, ಏದುಸಿರು ಬಿಡುತ್ತಲೇ ತೋಳು ಚಾಚಿದ್ದಾನೆ. ರಕ್ತದೊತ್ತಡ 168/100. ಬೇರಾವ ತೊಂದರೆಯೂ ಇಲ್ಲ. ಮುಂದಿನ ಹೆಜ್ಜೆ ಯಾವುದು? ಮಾತ್ರೆ ಕೊಡುವುದೇ, ದಾವಣಗೆರೆಗೆ ಓಡಿಸುವುದೇ, ಮುಂದಿನ ತಿಂಗಳು ಬಾ ಎನ್ನುವುದೇ? ಯಾವುದೂ ಅಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿಸಿ, 5 ನಿಮಿಷ ಸುಮ್ಮನೆ ಕೂರಿಸಬೇಕು. ಅರ್ಧ ಗಂಟೆಯೊಳಗೆ ಚಹಾ ಕುಡಿದಿದ್ದನೇ, ಬೀಡಿ ಸೇದಿದ್ದನೇ ಎಂದು ಕೇಳಬೇಕು. ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಮತ್ತೆ ಅಳೆಯಬೇಕು. ಆಗಲೂ 140/90ಕ್ಕಿಂತ ಮೇಲಿದ್ದರೆ ದಾಖಲಿಸಿ, ಖಚಿತಪಡಿಸಿಕೊಳ್ಳಲು ವೈದ್ಯಾಧಿಕಾರಿಯ ಬಳಿಗೆ ಕಳಿಸಬೇಕು. ಅದೇ ಮನುಷ್ಯನಿಗೆ 180/110 ಇದ್ದು, ಎದೆನೋವೋ, ಒಂದು ಬದಿಯ ಕೈಕಾಲಿನ ನಿಶ್ಶಕ್ತಿಯೋ, ಮಾತಿನ ತೊದಲುವಿಕೆಯೋ ಕಂಡರೆ ಒಂದು ಕ್ಷಣವೂ ತಡಮಾಡುವಂತಿಲ್ಲ. ಎರಡೂ ಉತ್ತರಗಳ ನಡುವಿನ ಗೆರೆಯನ್ನು ಗುರುತಿಸುವುದೇ ಪರೀಕ್ಷೆ. ಯಾರನ್ನು ಇಲ್ಲೇ ನೋಡಿಕೊಳ್ಳಬೇಕು, ಯಾರನ್ನು ಇಂದೇ ಕಳಿಸಬೇಕು ಎಂಬ ವಿವೇಕವೇ ಪ್ರಾಥಮಿಕ ಆರೈಕೆಯ ತಿರುಳು.

ಇನ್ನೊಂದು ಪ್ರಶ್ನೆ ನಮ್ಮ ಅನ್ನಕ್ಕೆ ಸಂಬಂಧಿಸಿದ್ದು. ಚನ್ನಗಿರಿಯ ತೋಟ, ಮಂಡಿ, ಸುಲಿಯುವ ಕೂಲಿ ಎಲ್ಲವೂ ಅಡಿಕೆಯನ್ನು ನಂಬಿದೆ. ಹಾಗೆಂದು ಸತ್ಯವನ್ನು ಮುಚ್ಚಿಡಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದಿದ್ದರೂ ಅಡಿಕೆ ಅಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಹೇಳಿದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ: ಇವನ್ನು ಕಂಡ ಕೂಡಲೇ ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂದು ಪುಸ್ತಕ ಹೇಳುತ್ತದೆ. 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ಜೊತೆಗೆ ಬಾಯಿಯ ತಪಾಸಣೆಯೂ ಉಪಕೇಂದ್ರದ ಕೆಲಸದಲ್ಲಿ ಸೇರಿದೆ. ಸಹೋದರಿಯರೇ, ಇದನ್ನು ಪುಸ್ತಕದಲ್ಲಿ ಓದಿದ ದಿನವೇ ಮನೆಯಲ್ಲಿ ಗುಟ್ಕಾ ಜಗಿಯುವ ಚಿಕ್ಕಪ್ಪನ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಆ ಪಾಠವನ್ನು ನೀವು ಜೀವಮಾನದಲ್ಲಿ ಮರೆಯಲಾರಿರಿ.

ಮೂರನೆಯದು ರಮಝಾನಿಗೆ ಸಂಬಂಧಿಸಿದ್ದು. ಮಧುಮೇಹಕ್ಕೆ ಮಾತ್ರೆ ಸೇವಿಸುವ 60 ವರ್ಷದ ತಾಯಿ ಉಪವಾಸವಿದ್ದಾರೆ. ಅಸರ್ ಹೊತ್ತಿಗೆ ಬೆವರು, ನಡುಕ. ಗ್ಲುಕೋಮೀಟರ್ 62 ತೋರಿಸುತ್ತಿದೆ. ಇನ್ನೆರಡು ಗಂಟೆ ತಡೆದುಕೊಳ್ಳಿ ಎನ್ನುತ್ತಾರೆ ಮನೆಯವರು. ಉತ್ತರವೇನು? ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ಕೂಡಲೇ ಬಿಡಬೇಕೆಂದು ಮಧುಮೇಹ ಮತ್ತು ರಮಝಾನ್ ಕುರಿತ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಕ್ಕರೆ ಇಳಿದಿರುವ ಈ ತಾಯಿಗೆ 15 ಗ್ರಾಂ ಸಕ್ಕರೆ ಕೊಟ್ಟು 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಸಕ್ಕರೆ ನೋಡಲು ಬೆರಳು ಚುಚ್ಚಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನೂ ಅದೇ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ರೋಗಿಗೆ ಧರ್ಮವೇ ರಿಯಾಯಿತಿ ಕೊಟ್ಟಿರುವಾಗ ಅದನ್ನು ಕಸಿದುಕೊಳ್ಳಲು ನಾವು ಯಾರು? ಮಾತ್ರೆಯ ಹೊತ್ತು ಮತ್ತು ಪ್ರಮಾಣವನ್ನು ರಮಝಾನಿಗೆ ಕೆಲವು ವಾರ ಮುಂಚೆಯೇ ವೈದ್ಯರೊಂದಿಗೆ ಚರ್ಚಿಸಬೇಕು. ಇದನ್ನು ಆ ತಾಯಿಗೆ ಅವರದೇ ಭಾಷೆಯಲ್ಲಿ, ಅವರ ಮನಸ್ಸು ನೋಯದಂತೆ ಹೇಳಬಲ್ಲವಳು ಯಾರು? ನಿಮ್ಮ ಮಗಳಲ್ಲವೇ?

ಇನ್ನು ಓದುವ ಕ್ರಮ. ನಮ್ಮ ಹೆಣ್ಮಕ್ಕಳ ಮೇಲೆ ಮೂರು ಭಾಷೆಗಳ ಭಾರವಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ನರ್ಸಿಂಗ್ ಪುಸ್ತಕದಲ್ಲಿ ಇಂಗ್ಲಿಷ್. ಇದನ್ನು ಕೊರತೆಯೆಂದು ಭಾವಿಸಬೇಡಿ. ಒಂದು ಅಧ್ಯಾಯ ಓದಿದ ಮೇಲೆ ಪುಸ್ತಕ ಮುಚ್ಚಿ, ಅದನ್ನು ಅಜ್ಜಿಗೆ ಅರ್ಥವಾಗುವಂತೆ ಹೇಳಿ. ಅಜ್ಜಿಗೆ ಅರ್ಥವಾಯಿತೆಂದರೆ ನಿಮಗೂ ಅರ್ಥವಾಗಿದೆ. ಯಾವುದೇ ರೋಗವನ್ನು ಆ ನಾಲ್ಕು ಹೆಜ್ಜೆಗಳಲ್ಲೇ ಓದಿ: ಏನು ಕೇಳಬೇಕು, ಏನೆಂದು ಗುರುತಿಸಬೇಕು, ಏನು ಮಾಡಬೇಕು, ಗುಣವಾಯಿತೇ ಎಂದು ಹೇಗೆ ತಿಳಿಯಬೇಕು. ತಪ್ಪಾದ ಉತ್ತರಗಳಿಗೆಂದೇ ಒಂದು ಪುಸ್ತಕವಿಟ್ಟು, ಏಕೆ ತಪ್ಪಿತೆಂದು ಒಂದು ಸಾಲು ಬರೆಯಿರಿ. ವಾರಕ್ಕೊಮ್ಮೆ ಹೊನ್ನಾಳಿಯವಳು ಜಗಳೂರಿನವಳಿಗೆ ಫೋನಿನಲ್ಲಿ ಒಬ್ಬ ರೋಗಿಯ ಕತೆ ಹೇಳಲಿ, ಇವಳು ಉತ್ತರಿಸಲಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ದಣಿದ ಮೆದುಳು ಗೊತ್ತಿರುವುದನ್ನೂ ಕೈಬಿಡುತ್ತದೆ.

ಈಗ ಪೋಷಕರಿಗೆ. ನಮ್ಮದೇ ಬಂಧುವರ್ಗದಲ್ಲಿ ನಡೆದ ಸಂಗತಿಯೊಂದನ್ನು ಹೇಳಲೇಬೇಕು. ಆಕೆ ಚೆನ್ನಾಗಿ ಓದುತ್ತಿದ್ದ ಹುಡುಗಿ. ಪರೀಕ್ಷೆಗೆ ಹತ್ತು ದಿನ ಇದ್ದಾಗ ಮನೆಯಲ್ಲಿ ಮದುವೆ ಬಂತು. ನೆಂಟರು, ಅಡಿಗೆ, ಪಾತ್ರೆ, ಮೆಹಂದಿ. ಪುಸ್ತಕ ಕಪಾಟಿನ ಮೇಲೆ ಹೋಯಿತು. ಅಣ್ಣನ ಪರೀಕ್ಷೆಯ ಸಮಯದಲ್ಲಿ ಟೀವಿಯ ಸದ್ದನ್ನೂ ತಗ್ಗಿಸಿದ್ದ ಅದೇ ಮನೆ ಅದು. ಆಕೆ ಅನುತ್ತೀರ್ಣಳಾದಾಗ, ಹೆಣ್ಣಿಗೆ ಇದೆಲ್ಲ ಏಕೆ ಬೇಕಿತ್ತು ಎಂದವರೂ ಇದ್ದರು. ಆ ಮದುವೆಯಲ್ಲಿ ನಾವೂ ಊಟ ಮಾಡಿದ್ದೆವು. ಬಡಿಸುತ್ತಿದ್ದ ಆ ಹುಡುಗಿಯ ಪರೀಕ್ಷೆ ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಇಷ್ಟಕ್ಕೂ ಅನುತ್ತೀರ್ಣಗೊಂಡದ್ದು ಆಕೆಯೇ, ಅಥವಾ ನಾವೇ?

ಆದ್ದರಿಂದ ಮನೆಯಿಂದ ನಾವು ಕೇಳುವುದು ದೊಡ್ಡ ತ್ಯಾಗವನ್ನಲ್ಲ. ದಿನಕ್ಕೆ ಎರಡು ಗಂಟೆ ಯಾರೂ ಕರೆಯದ ಸಮಯ, ಒಂದು ಮೇಜು, ಒಂದು ದೀಪ. ರಕ್ತದೊತ್ತಡ ಅಳೆಯುವ ಒಂದು ಯಂತ್ರ ಮತ್ತು ಒಂದು ಗ್ಲುಕೋಮೀಟರ್. ಮದುವೆಗೆಂದು ಕೂಡಿಡುವ ಚಿನ್ನದಲ್ಲಿ ಒಂದು ಚೂರಿನ ಬೆಲೆಯೂ ಇವಕ್ಕಿಲ್ಲ. ಮೇಲಾಗಿ ಆಕೆಯ ಅಭ್ಯಾಸಕ್ಕೆ ನಿಮ್ಮ ತೋಳನ್ನೇ ಕೊಡಿ. ತಲೆ ಸುತ್ತುವುದು ನಿಂತಿತೆಂದು ಬಿ.ಪಿ. ಮಾತ್ರೆ ಬಿಟ್ಟವರು ಈ ಸಭೆಯಲ್ಲೇ ಎಷ್ಟು ಮಂದಿ ಇರಬಹುದು! ಮಗಳ ಮೊದಲ ರೋಗಿ ನೀವೇ ಆಗಿ. ಆಕೆಯ ಪರೀಕ್ಷೆಯೂ ಗೆದ್ದೀತು, ನಿಮ್ಮ ಆಯುಷ್ಯವೂ ಉಳಿದೀತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಪರೀಕ್ಷೆ ದಾಟಿದವಳು ವೈದ್ಯೆಯಲ್ಲ. ಊರಿನಲ್ಲೊಂದು ಕ್ಲಿನಿಕ್ ತೆರೆ, ಬಂದವರಿಗೆಲ್ಲ ಇಂಜೆಕ್ಷನ್, ಗ್ಲೂಕೋಸ್ ಕೊಡು ಎಂದು ಮಗಳನ್ನು ಒತ್ತಾಯಿಸುವುದು ಕಾನೂನಿಗೂ ಆತ್ಮಸಾಕ್ಷಿಗೂ ವಿರುದ್ಧ. ವೈದ್ಯಾಧಿಕಾರಿ ಆರಂಭಿಸಿದ ಚಿಕಿತ್ಸೆಯನ್ನು ತಪ್ಪದಂತೆ ಮುಂದುವರಿಸುವುದು, ಅನುಮಾನವಿದ್ದಲ್ಲಿ ಇ-ಸಂಜೀವಿನಿಯ ಮೂಲಕ ವೈದ್ಯರನ್ನು ಸಂಪರ್ಕಿಸುವುದು, ಕಳಿಸಬೇಕಾದವರನ್ನು ಕಳಿಸುವುದು ಆಕೆಯ ಕೆಲಸ. ತನ್ನ ಮಿತಿ ಬಲ್ಲವಳೇ ಉತ್ತಮ ದಾದಿ. ಇತ್ತ ಸರಕಾರಕ್ಕೂ ಒಂದು ಮಾತು. ಹಳ್ಳಿಯ ಆರೋಗ್ಯದ ಭಾರವನ್ನು ಹೊರಿಸಿದ ಈ ಹೆಣ್ಮಕ್ಕಳನ್ನು ಗುತ್ತಿಗೆಯ ಮೇಲೆಯೇ ದುಡಿಸಿಕೊಳ್ಳುತ್ತ ಹೋಗುವುದು ನ್ಯಾಯವಲ್ಲ. ರೋಗಿಗೆ ಪ್ರತಿ ತಿಂಗಳೂ ಬಾ ಎನ್ನುವವಳಿಗೆ, ಮುಂದಿನ ವರ್ಷ ತಾನು ಅಲ್ಲಿರುವೆನೆಂಬ ಭರವಸೆಯಾದರೂ ಬೇಡವೇ?

ಸಹೋದರಿಯರೇ, ಫಲಿತಾಂಶದ ದಿನ ನಿಮ್ಮ ಹೆಸರಿನ ಮುಂದೆ ಕೆಲವು ಅಂಕಗಳು ಬರುತ್ತವೆ. ಅವು ಬೇಕು, ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಯಾವುದೋ ಉಪಕೇಂದ್ರದ ಕುರ್ಚಿಯಲ್ಲಿ ನೀವು ಕುಳಿತಿರುವಾಗ, ಬಾಯಿ ತೆರೆಯಲಾಗದ ಕೂಲಿಯವನೊಬ್ಬ, ಉಪವಾಸದಲ್ಲಿ ನಡುಗುತ್ತಿರುವ ತಾಯಿಯೊಬ್ಬಳು ಬಾಗಿಲಲ್ಲಿ ನಿಲ್ಲುತ್ತಾರೆ. ಅವರು ನಿಮ್ಮ ಅಂಕ ಕೇಳುವುದಿಲ್ಲ. ಅಂದು ನೀವು ಕೊಡುವ ಉತ್ತರಕ್ಕಾಗಿಯೇ ಇಂದಿನ ಈ ಓದು. ಆ ಓದಿಗೆ ನಿಮ್ಮ ಮನೆ ಇಂದು ರಾತ್ರಿಯೇ ಒಂದು ದೀಪ ಹಚ್ಚಿಕೊಡಲಿ ಎಂದು ಹಾರೈಸುತ್ತ ನಮ್ಮ ಮಾತನ್ನು ಮುಗಿಸುತ್ತೇವೆ.