ಹೊಳೆ ದಾಟುವ ಯಾತ್ರಿಕರಿಗೆ ಎರಡು ಮಾತು



ನಮ್ಮ ಕೊಡಂಗಲ್ ಕಡೆಯಿಂದ ಮಖ್ತಲ್ ಮೇಲೆ ಪಂಚದೇವಪಹಾಡಕ್ಕೆ ಹೋಗಿ, ಕೃಷ್ಣಾ ನದಿ ದಾಟಿ, ರಾಯಚೂರು ತಾಲ್ಲೂಕಿನ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ದರ್ಶನ ಮಾಡಿ ಬರುವವರಿದ್ದಾರೆ. ಅದು ನಡುಗಡ್ಡೆ. ಹಿಂದಿನಿಂದ ಹರಿಗೋಲು, ಈಚೆಗೆ ಮೋಟಾರು ದೋಣಿ. ಮೋಟಾರು ಬಂದ ಮೇಲೆ ನಮಗೆ ಧೈರ್ಯ ಹೆಚ್ಚಾಗಿದೆ. ಆದರೆ ನಡುಹೊಳೆಯಲ್ಲಿ ಅದು ನಿಂತರೆ ಏನು ಗತಿ?

ಸಣ್ಣ ಮೋಟಾರುಗಳಲ್ಲಿ ನೀರು ತಳ್ಳುವ ರೆಕ್ಕೆಯನ್ನು ಹಿಡಿದಿಡಲು ಒಂದು ಪಿನ್ ಇರುವುದುಂಟು. ರೆಕ್ಕೆ ಬಂಡೆಗೆ ತಾಗಿದರೆ ಯಂತ್ರ ಕೆಡದಿರಲೆಂದು ಆ ಪಿನ್ನೇ ಮುರಿಯುತ್ತದೆ. ಆಗ ಎಂಜಿನ್ ಸದ್ದು ಮಾಡುತ್ತಲೇ ಇರುತ್ತದೆ, ದೋಣಿ ಮಾತ್ರ ಮುಂದೆ ಸಾಗದು. ಬಲೆ, ಜೊಂಡು, ಪ್ಲಾಸ್ಟಿಕ್ ಸುತ್ತಿಕೊಂಡರೂ ರೆಕ್ಕೆ ನಿಲ್ಲುತ್ತದೆ. ಅದನ್ನು ಬಿಡಿಸುವ ಮೊದಲು ಎಂಜಿನ್ ಪೂರ್ತಿ ಬಂದ್ ಮಾಡಬೇಕು.

ಮೋಟಾರು ನಿಂತ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲ. ಸೆಳವಿಗೆ ಅಡ್ಡ ತಿರುಗಿದಾಗ, ಗಾಬರಿಯಿಂದ ಜನ ಎದ್ದು ಒಂದೇ ಕಡೆಗೆ ವಾಲಿದಾಗ ಅಪಾಯ. ಆದ್ದರಿಂದ ಮೊದಲ ಕೆಲಸ, ಲಂಗರು ಬಿಡುವುದು. ಅದನ್ನು ದೋಣಿಯ ಮೂತಿಗೇ ಕಟ್ಟಬೇಕು. ಮೋಟಾರಿನ ಭಾರವಿರುವ ಹಿಂಬದಿಗೆ ಕಟ್ಟಿದರೆ ಅಲ್ಲಿಂದ ನೀರು ನುಗ್ಗುತ್ತದೆ. ಹತ್ತು ಅಡಿ ನೀರಿಗೆ ಐವತ್ತು ಅಡಿಗೆ ಕಡಿಮೆಯಿಲ್ಲದ ಹಗ್ಗವಿದ್ದರೆ ಲಂಗರು ಹಿಡಿಯುತ್ತದೆ. ಆಮೇಲೆ ಹುಟ್ಟು ಹಾಕಿ ದಡ ಸೇರಬಹುದು, ಇಲ್ಲವೇ ಪಿನ್ ಬದಲಿಸಬಹುದು.

ಅಂಗಡಿಯಲ್ಲಿ ಕರೆಂಟು ಹೋದೀತೆಂದು ನಾವು ದೀಪ, ಬೆಂಕಿಪೊಟ್ಟಣ ಕೈಗೆ ಸಿಗುವಲ್ಲಿ ಇಟ್ಟಿರುತ್ತೇವೆ. ದೋಣಿಯಲ್ಲೂ ಹಾಗೆಯೇ: ಎರಡು ಹುಟ್ಟು, ಲಂಗರು, ಉದ್ದ ಹಗ್ಗ, ಒಂದೆರಡು ಪಿನ್, ಸ್ಪಾರ್ಕ್ ಪ್ಲಗ್, ಪಾನಾ, ನೀರು ಎತ್ತಿ ಹಾಕಲು ಡಬ್ಬಿ, ಸೀಟಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ?

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಬಿಟ್ಟರು. ಮಿತಿಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಯಿತು. ಅವರೂ ನಮ್ಮಂತೆ ದೇವರ ದರ್ಶನಕ್ಕೆ ಹೋದವರೇ. 2020ರ ಆಗಸ್ಟ್‌ನಲ್ಲಿ ನಮ್ಮ ಕೃಷ್ಣೆಯಲ್ಲೇ ಹರಿಗೋಲು ಮಗುಚಿ ಪ್ರಾಣಹಾನಿಯಾಯಿತು. ಮೇಲೆ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸೆಳವಿನ ಮುಂದೆ ಯಾವ ಮೋಟಾರಿನ ಭರವಸೆಯೂ ಸಾಲದು. ಆ ದಿನ ಈಚೆ ದಡದಿಂದಲೇ ಕೈಮುಗಿದು ಬರುವುದು ಲೇಸು.

2021ರ ಒಳನಾಡು ಹಡಗು ಕಾಯ್ದೆಯಂತೆ ಯಂತ್ರದ ದೋಣಿಗೆ ನೋಂದಣಿ, ತಪಾಸಣೆ ಬೇಕು. ಆದರೆ ಕಾಗದ ನೋಡುವ ಅಧಿಕಾರಿ ಪ್ರತಿ ದಡದಲ್ಲೂ ನಿಂತಿರುವುದಿಲ್ಲ. ಹತ್ತುವ ನಾವೇ ಕೇಳಬೇಕು: “ಅಣ್ಣಾ, ಹುಟ್ಟು ಎಲ್ಲಿ? ಲಂಗರು ಎಲ್ಲಿ? ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ?” ಜಾಕೆಟ್ಟನ್ನು ದಡದಲ್ಲೇ ತೊಟ್ಟುಕೊಳ್ಳಬೇಕು, ಮಕ್ಕಳಿಗೆ ಮೊದಲು. ಇಲ್ಲವೆಂದರೆ ಹತ್ತಬಾರದು. ಅಂಬಿಗನೂ ಹೊಟ್ಟೆಪಾಡಿನವನು, ಜನ ಕಡಿಮೆ ಹತ್ತಿ, ತಲೆಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಅವನೂ ಬೇಡವೆನ್ನಲಾರ. ಹುಂಡಿಗೆ ಹಾಕುವ ಕೈ ಇದಕ್ಕೆ ಹಿಂಜರಿಯಬಾರದು.

ಯಾತ್ರೆಗೆ ಹೋದವರೆಲ್ಲ ಕ್ಷೇಮವಾಗಿ ಮನೆ ಸೇರಿದಾಗಲೇ ಯಾತ್ರೆ ಪೂರ್ಣ.