ನಮ್ಮ ಶಾಲೆಯ ಡಿಸೆಂಬರ್ ಹಾಡುಗಾರಿಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಶಾಲೆಯ ಸಾಂಸ್ಕೃತಿಕ ಚಟುವಟಿಕೆಗಳು’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದೀರಿ. ಹತ್ತು ನಿಮಿಷಕ್ಕೆ ಅದು ದೊಡ್ಡದಾಯಿತು. ನಾಟಕ, ಕೋಲಾಟಗಳ ಬಗ್ಗೆ ಬೇರೆಯವರು ಹೇಳುತ್ತಾರೆ. ನಾನು ಒಂದನ್ನೇ ಹಿಡಿದುಕೊಳ್ಳುತ್ತೇನೆ: ಪ್ರತಿ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ವಾರ ಇದೇ ಅಂಗಳದಲ್ಲಿ ನಡೆಯುತ್ತಿದ್ದ ಸಮೂಹ ಗಾಯನ.

ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ, ಆದ್ದರಿಂದ ಹಿನ್ನೆಲೆ ಸ್ವಲ್ಪ ಹೇಳಬೇಕು. ಭದ್ರಾವತಿಗೆ ಮೊದಲಿದ್ದ ಹೆಸರು ಬೆಂಕಿಪುರ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಎರಡಕ್ಕೂ ಜನ ಎಲ್ಲೆಲ್ಲಿಂದಲೋ ಬಂದರು. ನಾನು ಎಂಟನೇ ತರಗತಿಗೆ ಸೇರಿದ್ದು 1984ರಲ್ಲಿ. ನಮ್ಮ ಕ್ಲಾಸಿನಲ್ಲಿ ತಮಿಳು, ತೆಲುಗು, ಮಲಯಾಳ, ಉರ್ದು, ಲಂಬಾಣಿ, ಕೊಂಕಣಿ ಎಲ್ಲ ಇತ್ತು. ಹಾಡಿನ ತಂಡದ ಮೂವತ್ತು ಮಂದಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಅರ್ಧದಷ್ಟೂ ಇರಲಿಲ್ಲ.

ಸಂಗೀತದ ಮೇಡಂ ಅಂಥವರನ್ನೇ ಹುಡುಕಿ ತಂಡಕ್ಕೆ ಸೇರಿಸುತ್ತಿದ್ದರು. ಕೆಲವರು ‘ಹಾಲು’ ಎನ್ನುವುದಕ್ಕೆ ‘ಆಲು’ ಎನ್ನುತ್ತಿದ್ದರು, ಕೆಲವರಿಗೆ ಗಕಾರ ಕಕಾರ ಒಂದೇ. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ತಿದ್ದಿದರೆ ಹುಡುಗ ಮಾರನೆಯ ದಿನ ಬಾಯಿಯನ್ನೇ ಬಿಡುವುದಿಲ್ಲ. ಹಾಡುವಾಗ ಹಾಗಲ್ಲ. ಅಕ್ಕಪಕ್ಕದ ಬಾಯಿಗಳು ಸರಿಯಾಗಿ ಹೇಳುತ್ತಿದ್ದರೆ ನಡುವಿನದು ತಾನಾಗಿ ದಾರಿಗೆ ಬರುತ್ತದೆ, ಯಾರಿಗೂ ಅವಮಾನವಿಲ್ಲ. ನಮ್ಮ ಶಾಲೆಯಲ್ಲಿ ಕನ್ನಡ ಕಲಿಸಿದ್ದರಲ್ಲಿ ಅರ್ಧ ಪಾಲು ಆ ಹಾರ್ಮೋನಿಯಂನದು ಎಂದರೆ ಕನ್ನಡ ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು.

ಮೇಡಂ ಸೀನಿಯರ್ ಪರೀಕ್ಷೆ ಪಾಸಾದವರು. ಆದರೆ ನಮಗೆ ಕಲಿಸಿದ ಧಾಟಿಗಳಲ್ಲಿ ಬಹಳಷ್ಟು ರೇಡಿಯೋದವು. 1965ರಿಂದ ನಮ್ಮ ಊರಿನಲ್ಲೇ ಆಕಾಶವಾಣಿ ಕೇಂದ್ರ ಇತ್ತಲ್ಲ! ಬೆಳಿಗ್ಗೆ ಭಾವಗೀತೆ ಬಂದರೆ ಒಲೆ ಮುಂದೆ ಕೂತೇ ಸ್ವರ ಗುರುತು ಹಾಕಿಕೊಂಡು ಬರುತ್ತಿದ್ದರು. ನಮ್ಮ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು ಆಗಿನ್ನೂ ಕೆಲವೇ ವರ್ಷ ಆಗಿತ್ತು. ಹುಡುಗರೆಲ್ಲ ಅವರ ಹಾಗೆ ಎತ್ತರಕ್ಕೆ ಹೋಗಲು ನೋಡಿ ಗಂಟಲು ಕೆಡಿಸಿಕೊಳ್ಳುತ್ತಿದ್ದೆವು. ಒಂಬತ್ತನೇ ತರಗತಿಯಲ್ಲಿ ನನ್ನ ಗಂಟಲು ಒಡೆಯಿತು. ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಮೇಡಂ ಹಿಂದಿನ ಸಾಲಿಗೆ ಕಳಿಸಿ, ಕೆಳಗಿನ ಷಡ್ಜ ಹಿಡಿದು ನಿಲ್ಲು, ತಂಬೂರಿ ಇಲ್ಲದ ಶಾಲೆಗೆ ನೀವೇ ತಂಬೂರಿ ಎಂದರು. ಹಾಗೆ ಗಂಟಲು ಒಡೆದ ಆರು ಹುಡುಗರು ಒಂದು ವರ್ಷ ಶ್ರುತಿಯಾಗಿ ನಿಂತೆವು.

ಕಾರ್ಯಕ್ರಮದ ಪಟ್ಟಿ ಹೆಚ್ಚು ಬದಲಾಗುತ್ತಿರಲಿಲ್ಲ. ಒಂದು ವಚನ, ಒಂದು ದಾಸರ ಪದ, ಶರೀಫರ ತತ್ವಪದ, ಕುವೆಂಪು ಅವರದೊಂದು, ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆ. ಈ ಕೊನೆಯದನ್ನು ಹಾಡುವ ಮುಂಚೆ ಮೇಡಂ ಪ್ರತಿ ವರ್ಷವೂ ಒಂದು ಮಾತು ಹೇಳುತ್ತಿದ್ದರು: 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು ಅಂತ. ಗಂಗೂಬಾಯಿ ಕೂಡ ಸಾಲಿನಲ್ಲಿ ನಿಂತು ಹಾಡಿದವರೇ, ಮುಂದಿನ ಸಾಲೇ ಬೇಕು ಅಂತ ಜಗಳ ಆಡಬೇಡಿ ಎನ್ನುವುದು ಅದರ ಅರ್ಥ.

ಕ್ರಿಸ್‌ಮಸ್ ಹಾಡು ಪಟ್ಟಿಗೆ ಸೇರಿದ್ದು 1985ರಲ್ಲಿ. ಪೇಪರ್‌ಟೌನ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಅಭ್ಯಾಸದ ಬಿಡುವಿನಲ್ಲಿ ಚರ್ಚಿನ ಹಾಡೊಂದನ್ನು ಕನ್ನಡದಲ್ಲಿ ಗುನುಗುತ್ತಿದ್ದ. ಇಂಗ್ಲಿಷಿನಲ್ಲಿ ‘ಸೈಲೆಂಟ್ ನೈಟ್’ ಎನ್ನುತ್ತಾರಲ್ಲ, ಅದು. ಮೇಡಂ ಹಾರ್ಮೋನಿಯಂ ಮೇಲೆ ಬೆರಳಾಡಿಸಿ, “ಇದು ಆರು ಮಾತ್ರೆ ಕಣೋ, ದಾದ್ರಾ ನಡೆ, ಜೋಗುಳದ್ದು” ಎಂದರು. ಅಷ್ಟೇ, ಹಾಡು ನಮ್ಮದಾಯಿತು. ಹುಡುಗನ ತಂದೆ ಚರ್ಚಿನ ಗಾಯನ ತಂಡದಲ್ಲಿ ಹಾಡುವವರು, ಫೌಂಡ್ರಿ ಕೆಲಸ. ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಬಂದು, ಅವರಲ್ಲಿ ದನಿಗಳನ್ನು ನಾಲ್ಕು ಭಾಗ ಮಾಡಿ ಬೇರೆ ಬೇರೆ ಸ್ವರ ಹಾಡಿಸುವುದು ಹೇಗೆಂದು ತೋರಿಸಿದರು. ನಮ್ಮ ಕಿವಿಗೆ ಅದು ಹೊಸದು. ನಮ್ಮ ಕಡೆ ಎಲ್ಲರೂ ಒಂದೇ ಸ್ವರ ಹಾಡಬೇಕು, ಬೇರೆಯಾದರೆ ತಪ್ಪು. ನಾಲ್ಕು ಆಗಲಿಲ್ಲ, ಎರಡು ಭಾಗ ಮಾತ್ರ ಆಯಿತು. ಹುಡುಗಿಯರು ಮೇಲೆ, ನಾವು ಆರು ಜನ ‘ತಂಬೂರಿಗಳು’ ಕೆಳಗೆ.

ಆ ಹಾಡಿನ ಹುಟ್ಟನ್ನು ನಾನು ಆಮೇಲೆ ಓದಿ ತಿಳಿದೆ. 1816ರಲ್ಲಿ ಜೋಸೆಫ್ ಮೋರ್ ಎಂಬ ಪಾದ್ರಿ ಬರೆದದ್ದು. ಎರಡು ವರ್ಷದ ಮೇಲೆ, 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಮೊದಲು ಹಾಡಿದರು. ಧಾಟಿ ಹಾಕಿದ ಫ್ರಾನ್ಸ್ ಗ್ರೂಬರ್ ಪಕ್ಕದ ಹಳ್ಳಿಯ ಶಾಲಾ ಮೇಷ್ಟ್ರು. ಇಬ್ಬರು ಹಾಡುಗಾರರು, ಒಂದು ಗಿಟಾರು, ಕೊನೆಯ ಸಾಲುಗಳನ್ನು ತಿರುಗಿ ಹೇಳಲು ಊರಿನ ತಂಡ. ಆರ್ಗನ್ನನ್ನು ಇಲಿ ಕಡಿದಿತ್ತು, ಅದಕ್ಕೇ ಗಿಟಾರು ಅಂತ ಒಂದು ಕಥೆ ಹೇಳುತ್ತಾರೆ. ಅದು ಬರೀ ಕಥೆ. ಹಳ್ಳಿ ಮೇಷ್ಟ್ರ ಧಾಟಿ ಲೋಕವೆಲ್ಲ ಸುತ್ತಿ ಭದ್ರಾ ದಂಡೆಗೆ ಬಂತು ಎನ್ನುವುದು ಮಾತ್ರ ನಿಜ. ಕನ್ನಡದಲ್ಲಿ ಇಂಥ ಹಾಡು ಹೊಸತೂ ಅಲ್ಲ. ನಿಘಂಟಿನ ಕಿಟೆಲ್ 1862ರಲ್ಲೇ ‘ಕಥಾಮಾಲೆ’ ಎಂದು ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದಿದ್ದರು.

ಎಲ್ಲರಿಗೂ ಸರಿ ಬಂತು ಅಂತಲ್ಲ. ಸರ್ಕಾರಿ ಶಾಲೆಯಲ್ಲಿ ಚರ್ಚಿನ ಹಾಡು ಯಾಕೆ ಅಂತ ಇಬ್ಬರು ಮೂವರು ಪೋಷಕರು ಹೆಡ್ ಮಾಸ್ಟರ ಕೋಣೆಗೆ ಬಂದರು. ಬಾಗಿಲ ಹೊರಗೆ ನಾವು ನಿಂತಿದ್ದೆವು. ಮೇಡಂ ದನಿ ಏರಿಸಲಿಲ್ಲ. “ಈ ಹುಡುಗ ಎರಡು ವರ್ಷದಿಂದ ಬಸವಣ್ಣನ ವಚನ ಹಾಡ್ತಿದ್ದಾನೆ, ದಾಸರ ಪದ ಹಾಡ್ತಿದ್ದಾನೆ. ಅವನ ಮನೆಯವರು ಒಂದು ದಿನ ಬಂದು ಕೇಳಲಿಲ್ಲ. ಅವನದೊಂದನ್ನ ನಾವು ಹಾಡೋದು ಬೇಡವಾ ಸ್ವಾಮಿ?” ಎಂದರು. ಬಂದವರಲ್ಲಿ ಒಬ್ಬರು ಆಮೇಲೂ ಒಪ್ಪಲಿಲ್ಲ, ಮಗಳನ್ನು ಆ ಒಂದು ಹಾಡಿಗೆ ಬಿಡಿಸಿದರು. ಮೇಡಂ ಅದಕ್ಕೂ ತಲೆಯಾಡಿಸಿದರು. ಆ ಹುಡುಗಿ ಹಾಡಿನ ಹೊತ್ತಿಗೆ ಪಕ್ಕಕ್ಕೆ ನಿಂತು, ಮುಂದಿನದಕ್ಕೆ ಮತ್ತೆ ಸಾಲಿಗೆ ಬಂದಳು. ಈಗ ನೆನೆದರೆ, ಅದನ್ನು ಅಷ್ಟು ಸದ್ದಿಲ್ಲದೆ ನಡೆಸಿದ್ದೇ ದೊಡ್ಡದು ಅನ್ನಿಸುತ್ತದೆ. ಮಾರನೆಯ ವಾರ ನಾವೆಲ್ಲ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಗೋದಲಿ ನೋಡಿಕೊಂಡು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದೆವು. ಅವಳೂ ಬಂದಿದ್ದಳು.

ಮೇಡಂ ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಹಾಡು ಒಂದೆರಡು ವರ್ಷ ತಡವರಿಸಿ ನಿಂತಿತು. ಊರೂ ಹಾಗೇ ಆಯಿತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. 2023ರಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು ಬಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತದ್ದು ನಿಮಗೆಲ್ಲ ಗೊತ್ತಿದೆ. ಕ್ವಾರ್ಟರ್ಸ್ ಖಾಲಿಯಾದ ಹಾಗೆ ಶಾಲೆಯ ಹಾಜರಿ ಪುಸ್ತಕವೂ ತೆಳ್ಳಗಾಗಿದೆ.

ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿದೆ, ಒಳ್ಳೆಯದೇ. ಆದರೆ ಹಾಡಿದ್ದು ಸ್ಪೀಕರು. ಮಕ್ಕಳು ತುಟಿ ಆಡಿಸುತ್ತಿದ್ದರು. ಅದೇ ವರ್ಷ ಅಕ್ಟೋಬರ್ 28ರಂದು ಕೋಟಿ ಕಂಠ ಗಾಯನ ಆಯಿತಲ್ಲ, ಉತ್ಸಾಹ ಚೆನ್ನಾಗಿತ್ತು. ಆದರೆ ಪಕ್ಕದವನ ದನಿ ಕೇಳದಷ್ಟು ಮೈಕಿನ ಸದ್ದು ಇದ್ದರೆ ಅದನ್ನು ಸಮೂಹ ಗಾಯನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಹಣದ ಮಾತು. ನಿನ್ನೆಯ ಸಭೆಯಲ್ಲಿ ಸುವರ್ಣ ಮಹೋತ್ಸವದ ನಿಧಿಯಿಂದ ದಾನಿಗಳ ಹೆಸರು ಕೆತ್ತಿದ ಕಮಾನು ಕಟ್ಟಿಸೋಣ ಎಂದು ಬಹುಮತವಾಗಿದೆ. ಕಮಾನಿಗೆ ನಾನು ವಿರೋಧಿಯಲ್ಲ, ನನ್ನ ಹೆಸರೂ ಅದರಲ್ಲಿ ಬರುತ್ತದೆ. ಆದರೆ ಗ್ರಾನೈಟ್ ಬಿಟ್ಟು ಸಾದಾ ಕಲ್ಲಿನಲ್ಲಿ ಕಟ್ಟಿದರೆ ಉಳಿಯುವ ಮೊತ್ತದ ಬಡ್ಡಿಯಲ್ಲಿ ವಾರಕ್ಕೆ ಎರಡು ದಿನ ಬರುವ ಒಬ್ಬ ಸಂಗೀತ ಶಿಕ್ಷಕರಿಗೆ ಗೌರವಧನ ಕೊಡಬಹುದು. ಲೆಕ್ಕ ಬರೆದು ಖಜಾಂಚಿಯವರ ಕೈಗೆ ಕೊಟ್ಟಿದ್ದೇನೆ. ಭೋಜನ ವಿರಾಮದ ನಂತರದ ಸಭೆಯಲ್ಲಿ ಇದನ್ನು ಮತಕ್ಕೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಬೇಡ ಎನ್ನುವವರೂ ಬಂದು ಮಾತಾಡಲಿ.

ಹಳೆಯ ಹಾರ್ಮೋನಿಯಂ ವಿಜ್ಞಾನ ಕೊಠಡಿಯ ಬೀರುವಿನಲ್ಲಿದೆ. ತಿದಿ ಹರಿದಿದೆ, ಸ್ವರದ ಪಟ್ಟಿಗಳು ಮಾತ್ರ ಸರಿಯಾಗಿವೆ. ಶಿವಮೊಗ್ಗದಲ್ಲಿ ರಿಪೇರಿ ಮಾಡುವವರನ್ನು ವಿಚಾರಿಸಿದ್ದೇನೆ, ಸೋಮವಾರ ಕೊಂಡೊಯ್ಯುತ್ತೇನೆ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ದಯವಿಟ್ಟು ಊಟದ ಹೊತ್ತಿಗೆ ನನ್ನನ್ನು ಕಾಣಿ.